ರಾತ್ರಿಯಿಂದ ಹಗಲಿಗೆ: ಉದ್ಯಮಗಳ ಇವಿ ಚಾರ್ಜಿಂಗ್ ಯೋಜನೆ ಬೆಳೆದ ಬಗೆ

ವಾಹನಗಳನ್ನು ವಿದ್ಯುತ್ತಿಗೆ ಬದಲಿಸಲು ಹೊರಟ ಕಂಪನಿ ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ: ‘ಎಷ್ಟು ಚಾರ್ಜರ್ ಹಾಕಿಸಬೇಕು?’ ಎರಡನೆಯದು: ‘ಮಹಡಿ ಮೇಲೆ ಸೋಲಾರ್ ಹಾಕಿಸಿದರೆ ಎಷ್ಟು ಉಳಿಯುತ್ತದೆ?’ ಈ ಎರಡು ಪ್ರಶ್ನೆಗಳನ್ನು ಎರಡು ಬೇರೆ ವಿಭಾಗಗಳು, ಎರಡು ಬೇರೆ ಗುತ್ತಿಗೆದಾರರ ಮುಂದೆ, ಎರಡು ಬೇರೆ ವರ್ಷಗಳಲ್ಲಿ ಇಡುವುದೇ ಇವತ್ತಿಗೂ ರೂಢಿ. ಇವೆರಡನ್ನೂ ಒಂದೇ ಲೆಕ್ಕದೊಳಗೆ ತರುವ ವಿದ್ಯೆ ಈಚಿನ ಎರಡು ದಶಕಗಳಲ್ಲಿ ಮೆಲ್ಲಗೆ ರೂಪುಗೊಂಡಿದೆ. ವಾಹನ ತಂತ್ರಜ್ಞಾನ, ವಿದ್ಯುತ್ ದರನೀತಿ, ಸೌರಶಕ್ತಿಯ ಬೆಲೆ ಮತ್ತು ಕಂಪ್ಯೂಟರ್ ಗಣಿತ ಒಂದೆಡೆ ಕೂಡಿದ ಜಾಗ ಅದು. ಅದು ನಡೆದುಬಂದ ದಾರಿಯುದ್ದಕ್ಕೂ ಎದ್ದು ಕಾಣುವ ಸಂಗತಿ ಒಂದಿದೆ. ವಿದ್ಯುತ್ ಅಗ್ಗವಾಗಿ ಸಿಗುವ ಹೊತ್ತು ರಾತ್ರಿಯಿಂದ ಮಧ್ಯಾಹ್ನಕ್ಕೆ ಸರಿದಿದೆ. ಯೋಜನೆ ಹಾಕುವವರು ಮಾತ್ರ ಇನ್ನೂ ಪೂರ್ತಿಯಾಗಿ ಅತ್ತ ಸರಿದಿಲ್ಲ.

ಇರುಳಿನ ಕರೆಂಟಿಗೆ ಗಿರಾಕಿ

ವಿದ್ಯುತ್ ವಾಹನ ಹೊಸದಲ್ಲ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬ್ಯಾಟರಿಯಿಂದ ಓಡುವಂಥವು. ಅಂದಿನ ವಿದ್ಯುತ್ ಕಂಪನಿಗಳಿಗೆ ಇವು ಬೇಕಾಗಿದ್ದವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಏರುತ್ತಿದ್ದ ಬೇಡಿಕೆ, ಊರು ಮಲಗಿದ ಮೇಲೆ ಕುಸಿಯುತ್ತಿತ್ತು. ಡೈನಮೋಗಳು ರಾತ್ರಿಯಿಡೀ ಅರೆಹೊಟ್ಟೆಯಲ್ಲಿ ತಿರುಗುತ್ತಿದ್ದವು. ಆ ಹೊತ್ತಿನ ಕರೆಂಟನ್ನು ಕೊಳ್ಳುವ ಗಿರಾಕಿಯಾಗಿ ಬ್ಯಾಟರಿ ಗಾಡಿ ಬಂದಿತು.

ಅಮೆರಿಕದ ಹಾರ್ಟ್‌ಫರ್ಡ್ ಎಲೆಕ್ಟ್ರಿಕ್ ಲೈಟ್ ಕಂಪನಿ 1912ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸರಕು ಸಾಗಿಸುವ ವ್ಯಾಪಾರಿಗಳು ಬ್ಯಾಟರಿ ಇಲ್ಲದ ಟ್ರಕ್ ಕೊಳ್ಳುತ್ತಿದ್ದರು. ಬ್ಯಾಟರಿ ವಿದ್ಯುತ್ ಕಂಪನಿಯದು. ಖಾಲಿಯಾದಾಗ ಕೊಟ್ಟು ತುಂಬಿದ್ದನ್ನು ಪಡೆಯುವುದು, ಓಡಿಸಿದ ಮೈಲಿಗೆ ತಕ್ಕಂತೆ ಹಣ ಕೊಡುವುದು ಅಲ್ಲಿನ ಕ್ರಮ. ಈ ಸೇವೆ 1920ರ ದಶಕದವರೆಗೂ ನಡೆಯಿತು. ಇವತ್ತು ನಾವು ಬ್ಯಾಟರಿ ಸ್ವ್ಯಾಪಿಂಗ್ ಎನ್ನುವುದು ಇದನ್ನೇ. ಉದ್ಯಮಗಳಿಗಾಗಿ ಚಾರ್ಜಿಂಗ್ ಯೋಜನೆ ಹಾಕಿದ ಮೊದಲ ಉದಾಹರಣೆಗಳಲ್ಲಿ ಒಂದೆಂದು ಇದನ್ನು ಎಣಿಸಬಹುದು. ಅದರೊಳಗಿನ ತರ್ಕವೂ ಗಮನಿಸತಕ್ಕದ್ದು: ಗಾಡಿ ನಿಲ್ಲುವ ಹೊತ್ತು ಬೇರೆ, ಬ್ಯಾಟರಿ ತುಂಬುವ ಹೊತ್ತು ಬೇರೆ ಇರಬಹುದು.

ಪೆಟ್ರೋಲ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂದು, ಇಂಧನ ಅಗ್ಗವಾದ ಮೇಲೆ ಬ್ಯಾಟರಿ ವಾಹನಗಳು ಮೂಲೆಗೆ ಸರಿದವು. ಆದರೆ ‘ಇವಿಯನ್ನು ರಾತ್ರಿ ಚಾರ್ಜ್ ಮಾಡಬೇಕು’ ಎಂಬ ಮಾತು ಮಾತ್ರ ನೂರು ವರ್ಷ ಉಳಿಯಿತು. ಕಲ್ಲಿದ್ದಲು, ಅಣುಶಕ್ತಿ ಸ್ಥಾವರಗಳನ್ನು ರಾತ್ರಿ ಆರಿಸಿ ಬೆಳಿಗ್ಗೆ ಹೊತ್ತಿಸುವುದು ಸುಲಭವಲ್ಲವಾದ್ದರಿಂದ ರಾತ್ರಿಯ ವಿದ್ಯುತ್ತಿಗೆ ರಿಯಾಯಿತಿ ಇರುತ್ತಿತ್ತು. ಕರ್ನಾಟಕದಲ್ಲೂ ಎಚ್‌ಟಿ (ಹೈಟೆನ್ಷನ್) ಗ್ರಾಹಕರಿಗೆ ಸಂಜೆ 6ರಿಂದ 10ರವರೆಗೆ ಹೆಚ್ಚು ದರ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕಡಿಮೆ ದರ ಎಂಬ ಪದ್ಧತಿ ಬಹುಕಾಲ ನಡೆದದ್ದು ಈ ಕಾರಣಕ್ಕೇ.

ಬೆಂಗಳೂರಿನ ಆರಂಭ

ಭಾರತದಲ್ಲಿ ಈ ಕಥೆಯ ಆಧುನಿಕ ಭಾಗ ಬೆಂಗಳೂರಿನಿಂದ ಶುರುವಾಗುತ್ತದೆ. ಚೇತನ್ ಮೈನಿ ಅವರ ರೇವಾ ಕಾರು 2001ರಲ್ಲಿ ರಸ್ತೆಗಿಳಿಯಿತು. ಲೆಡ್ ಆಸಿಡ್ ಬ್ಯಾಟರಿ, ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರ್ ಓಟ, ಚಾರ್ಜಿಂಗ್‌ಗೆ ಮನೆಯ 15 ಆಂಪ್ ಸಾಕೆಟ್. ಲಂಡನ್ನಿನಲ್ಲಿ ಜಿ-ವಿಜ್ ಹೆಸರಲ್ಲಿ ಮಾರಾಟವಾಯಿತು. 2010ರಲ್ಲಿ ಮಹೀಂದ್ರ ಸಂಸ್ಥೆ ಹೆಚ್ಚಿನ ಪಾಲು ಕೊಂಡಿತು. ಆ ಹಂತದಲ್ಲಿ ‘ಚಾರ್ಜಿಂಗ್ ಯೋಜನೆ’ ಎಂಬುದೊಂದು ಇರಲೇ ಇಲ್ಲ. ಸಾಕೆಟ್ ಇದ್ದರೆ ಸಾಕಿತ್ತು.

ಉದ್ಯಮಗಳ ಕಡೆಯಿಂದ ನೋಡಿದರೆ ಎರಡು ಪ್ರಯೋಗಗಳು ಮುಖ್ಯ. ಬಿಎಂಟಿಸಿ 2014ರಲ್ಲಿ ವಿದ್ಯುತ್ ಬಸ್ಸೊಂದನ್ನು ಪರೀಕ್ಷಾರ್ಥವಾಗಿ ಓಡಿಸಿತು. ನಂತರದ ವರ್ಷಗಳಲ್ಲಿ ಸಂಜಯ್ ಕೃಷ್ಣನ್ ಕಟ್ಟಿದ ಲಿಥಿಯಂ ಅರ್ಬನ್ ಟೆಕ್ನಾಲಜೀಸ್ ಐಟಿ ಕಂಪನಿಗಳ ಉದ್ಯೋಗಿಗಳನ್ನು ವಿದ್ಯುತ್ ಕಾರುಗಳಲ್ಲಿ ಸಾಗಿಸತೊಡಗಿತು. ಎರಡನೆಯದರಲ್ಲಿ ಹೊಸ ಪಾಠವೊಂದಿತ್ತು. ಇವಿ ಕೊಳ್ಳಲು ದುಬಾರಿ, ಓಡಿಸಲು ಅಗ್ಗ. ದಿನಕ್ಕೆ 30 ಕಿಲೋಮೀಟರ್ ಓಡುವ ಸ್ವಂತ ಕಾರಿಗಿಂತ, ಪಾಳಿ ಮೇಲೆ ಪಾಳಿ ದುಡಿಯುವ ಕಂಪನಿ ಕ್ಯಾಬ್‌ಗೆ ಹೂಡಿದ ಹಣ ಬೇಗ ಹಿಂದಿರುಗುತ್ತದೆ. ಅಷ್ಟು ದುಡಿಯಬೇಕಾದರೆ ಎರಡು ಪಾಳಿಗಳ ನಡುವೆ ಬ್ಯಾಟರಿ ತುಂಬಲೇಬೇಕು. ಹಾಗಾಗಿ ಎಲ್ಲಿ, ಯಾವಾಗ, ಎಷ್ಟು ಹೊತ್ತು ಚಾರ್ಜ್ ಮಾಡುವುದು ಎಂಬುದು ವೇಳಾಪಟ್ಟಿಯ ಭಾಗವಾಯಿತು. ಚಾರ್ಜಿಂಗ್ ಎಲೆಕ್ಟ್ರಿಷಿಯನ್‌ನ ಕೈಯಿಂದ ಸಾರಿಗೆ ಮ್ಯಾನೇಜರ್‌ನ ಮೇಜಿಗೆ ಬಂದದ್ದು ಹೀಗೆ.

ಕಾನೂನು ದಾರಿ ಬಿಟ್ಟಿತು

ಕರ್ನಾಟಕ ಸರ್ಕಾರ 2017ರ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ವಾಹನ ಮತ್ತು ಇಂಧನ ಶೇಖರಣಾ ನೀತಿ ಪ್ರಕಟಿಸಿತು. ಇವಿಗೆಂದೇ ನೀತಿ ಮಾಡಿದ ಮೊದಲ ರಾಜ್ಯ ನಮ್ಮದು. ವಾಹನ ಮತ್ತು ಶೇಖರಣೆ ಎರಡನ್ನೂ ಒಂದೇ ಶೀರ್ಷಿಕೆಯಡಿ ತಂದದ್ದು ಆ ನೀತಿಯ ದೂರದೃಷ್ಟಿ. ಮರುವರ್ಷದ ಆರಂಭದಲ್ಲಿ ಬೆಸ್ಕಾಂ ಕೆ.ಆರ್. ವೃತ್ತದ ತನ್ನ ಕೇಂದ್ರ ಕಚೇರಿಯಲ್ಲೇ ಚಾರ್ಜಿಂಗ್ ಕೇಂದ್ರ ತೆರೆಯಿತು.

ಅದಕ್ಕಿಂತ ದೊಡ್ಡ ತಿರುವು ದೆಹಲಿಯಿಂದ ಬಂದಿತು. 2003ರ ವಿದ್ಯುತ್ ಕಾಯ್ದೆಯಂತೆ ವಿದ್ಯುತ್ ಮಾರಲು ಪರವಾನಗಿ ಬೇಕು. ಹೋಟೆಲ್ಲೊಂದು ತನ್ನ ಗಿರಾಕಿಯ ಕಾರಿಗೆ ಹಣ ಪಡೆದು ಚಾರ್ಜ್ ಮಾಡಿಕೊಟ್ಟರೆ ಅದು ವಿದ್ಯುತ್ ಮಾರಾಟವೇ? ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಸ್ಪಷ್ಟನೆ ನೀಡಿತು: ಚಾರ್ಜಿಂಗ್ ಒಂದು ಸೇವೆ, ಅದಕ್ಕೆ ಪರವಾನಗಿ ಬೇಕಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಮಾರ್ಗಸೂಚಿ ನಗರಗಳಲ್ಲಿ 3 ಕಿಲೋಮೀಟರ್‌ಗೆ 3 ಕಿಲೋಮೀಟರ್ ಚೌಕಕ್ಕೊಂದು, ಹೆದ್ದಾರಿಯ ಎರಡೂ ಬದಿ 25 ಕಿಲೋಮೀಟರ್‌ಗೊಂದು ಕೇಂದ್ರ ಇರಬೇಕೆಂದಿತು. 2019ರಲ್ಲಿ ಮಾದರಿ ಕಟ್ಟಡ ಉಪನಿಯಮಗಳಿಗೆ ತಿದ್ದುಪಡಿಯಾಗಿ, ಹೊಸ ಕಟ್ಟಡಗಳ ಪಾರ್ಕಿಂಗ್ ಸಾಮರ್ಥ್ಯದ ಶೇ 20ರಷ್ಟಕ್ಕೆ ಚಾರ್ಜಿಂಗ್ ವ್ಯವಸ್ಥೆ ಕಲ್ಪಿಸಬೇಕೆಂಬ ಅಂಶ ಸೇರಿತು. ಇವಿಗಳಿಗೆ ಕೇಂದ್ರದ ಪ್ರೋತ್ಸಾಹಧನ ನೀಡುವ ಫೇಮ್ ಯೋಜನೆಯ ಎರಡನೇ ಹಂತ 10,000 ಕೋಟಿ ರೂಪಾಯಿಯೊಂದಿಗೆ 2019ರಲ್ಲಿ, ಪಿಎಂ ಇ-ಡ್ರೈವ್ 10,900 ಕೋಟಿಯೊಂದಿಗೆ 2024ರಲ್ಲಿ ಬಂದವು. ಇ-ಡ್ರೈವ್‌ನಲ್ಲಿ 2,000 ಕೋಟಿ ಚಾರ್ಜಿಂಗ್ ಕೇಂದ್ರಗಳಿಗೇ ಮೀಸಲು.

ಈ ಹಂತದ ಸರ್ಕಾರಿ ಯೋಜನೆಗಳೆಲ್ಲ ಜಾಗ ಮತ್ತು ಸಂಖ್ಯೆಯ ಭಾಷೆಯಲ್ಲಿದ್ದವು. ಎಷ್ಟು ದೂರಕ್ಕೊಂದು, ಎಷ್ಟು ಜಾಗಕ್ಕೊಂದು ಎಂಬುದೇ ಮಾತು. ಯಾವ ಹೊತ್ತಿನಲ್ಲಿ ಎಂಬ ಪ್ರಶ್ನೆ ಇನ್ನೂ ಬಂದಿರಲಿಲ್ಲ.

ಬಿಸಿಲು ತಂದ ತಿರುವು

ಆ ಪ್ರಶ್ನೆ ಹುಟ್ಟಿಸಿದ್ದು ಸೌರಶಕ್ತಿ. ಕ್ಯಾಲಿಫೋರ್ನಿಯಾದ ಗ್ರಿಡ್ ನಿರ್ವಾಹಕರು 2013ರಲ್ಲಿ ಒಂದು ನಕ್ಷೆ ಪ್ರಕಟಿಸಿದರು. ಒಟ್ಟು ಬೇಡಿಕೆಯಿಂದ ಸೌರ ಮತ್ತು ಪವನ ವಿದ್ಯುತ್ತನ್ನು ಕಳೆದರೆ ಉಳಿಯುವ ಗೆರೆ ಮಧ್ಯಾಹ್ನ ಹೊಟ್ಟೆಯಂತೆ ಜೋತುಬಿದ್ದು, ಸೂರ್ಯ ಮುಳುಗುತ್ತಲೇ ಕತ್ತಿನಂತೆ ನೆಟ್ಟಗೆ ಏರುತ್ತದೆ. ಬಾತುಕೋಳಿ ಗೆರೆ ಎಂದು ಅದು ಹೆಸರಾಯಿತು. ಮಧ್ಯಾಹ್ನ ವಿದ್ಯುತ್ ಬೇಕಾದವರಿಲ್ಲ, ಸಂಜೆ ಬೇಕಾದಷ್ಟು ವಿದ್ಯುತ್ತಿಲ್ಲ. ಕಚೇರಿಯಿಂದ ಮನೆಗೆ ಬಂದವರೆಲ್ಲ ಸಂಜೆ 7ಕ್ಕೆ ಕಾರಿಗೆ ಪ್ಲಗ್ ಹಾಕಿದರೆ ಆ ಕತ್ತು ಇನ್ನಷ್ಟು ಎತ್ತರವಾಗುತ್ತದೆ.

ಭಾರತದಲ್ಲಿ ಬೆಲೆ ಬಿದ್ದದ್ದು ಅಚ್ಚರಿ ಹುಟ್ಟಿಸುವ ವೇಗದಲ್ಲಿ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾ ಸೌರ ಪಾರ್ಕಿನ ಹರಾಜು ಯೂನಿಟ್‌ಗೆ 2.44 ರೂಪಾಯಿಗೆ ಇಳಿಯಿತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಎದ್ದಿತು. ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದ ಅದರ ಮಾದರಿ ದೇಶದ ಗಮನ ಸೆಳೆಯಿತು. ಸೌರ ಸಾಮರ್ಥ್ಯದಲ್ಲಿ ಕರ್ನಾಟಕ ಕೆಲಕಾಲ ದೇಶದಲ್ಲೇ ಮೊದಲ ಸ್ಥಾನದಲ್ಲಿತ್ತು.

ದರನೀತಿ ಇದನ್ನು ಹಿಂಬಾಲಿಸಿತು. 2023ರಲ್ಲಿ ಕೇಂದ್ರ ಸರ್ಕಾರ ಗ್ರಾಹಕ ಹಕ್ಕುಗಳ ನಿಯಮ ತಿದ್ದಿ, ದಿನದ ಹೊತ್ತಿಗೆ ತಕ್ಕ ದರವನ್ನು ಕಡ್ಡಾಯದತ್ತ ಒಯ್ದಿತು. ರಾಜ್ಯ ಆಯೋಗ ಗೊತ್ತುಪಡಿಸುವ ಸೌರ ಅವಧಿಯಲ್ಲಿ ದರ ಸಾಮಾನ್ಯಕ್ಕಿಂತ ಕನಿಷ್ಠ ಶೇ 20 ಕಡಿಮೆ ಇರಬೇಕು. ಪೀಕ್ ಅವಧಿಯಲ್ಲಿ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ ಕನಿಷ್ಠ 1.2 ಪಟ್ಟು. 2024ರ ಸೆಪ್ಟೆಂಬರ್‌ನ ಚಾರ್ಜಿಂಗ್ ಮಾರ್ಗಸೂಚಿ ಇನ್ನೂ ನೇರವಾಗಿದೆ: ಚಾರ್ಜಿಂಗ್ ಕೇಂದ್ರಗಳಿಗೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ಹೊತ್ತು 1.3 ಪಟ್ಟು. ಅಂದರೆ ಅದೇ ಯೂನಿಟ್ ಸಂಜೆ 5 ಗಂಟೆಗೆ ಮಧ್ಯಾಹ್ನದ ಬೆಲೆಯ ಹತ್ತಿರ ಹತ್ತಿರ ಎರಡರಷ್ಟು. ಪ್ರತಿ ರಾಜ್ಯದಲ್ಲಿ ಅಂತಿಮ ದರ ಆಯಾ ವಿದ್ಯುತ್ ನಿಯಂತ್ರಣ ಆಯೋಗದ ಆದೇಶದಂತೆ ನಡೆಯುತ್ತದೆ, ನಿಜ. ಆದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ. ಹಾರ್ಟ್‌ಫರ್ಡ್ ಕಾಲದಿಂದ ನಡೆದುಬಂದ ‘ರಾತ್ರಿ ಅಗ್ಗ’ ಎಂಬ ನಿಯಮ ತಲೆಕೆಳಗಾಗುತ್ತಿದೆ.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಿಯೋಬನ್ ಪವೆಲ್, ರಾಮ್ ರಾಜಗೋಪಾಲ್ ಮತ್ತಿತರರು 2022ರಲ್ಲಿ ನೇಚರ್ ಎನರ್ಜಿ ಪತ್ರಿಕೆಯಲ್ಲಿ ಪಶ್ಚಿಮ ಅಮೆರಿಕದ 2035ರ ಗ್ರಿಡ್ಡನ್ನು ಲೆಕ್ಕಹಾಕಿ ತೋರಿಸಿದರು. ಮನೆಯಲ್ಲಿ ರಾತ್ರಿ ಚಾರ್ಜ್ ಮಾಡುವುದಕ್ಕಿಂತ ಹಗಲು ಕೆಲಸದ ಸ್ಥಳದಲ್ಲಿ ಚಾರ್ಜ್ ಮಾಡಿದರೆ ಗ್ರಿಡ್ಡಿನ ಮೇಲಿನ ಹೊರೆ, ಶೇಖರಣೆಯ ಅಗತ್ಯ, ಮಾಲಿನ್ಯ ಮೂರೂ ಕಡಿಮೆಯಾಗುತ್ತವೆ ಎಂಬುದು ಅವರ ನಿಲುವು. ಕೆಲಸದ ಸ್ಥಳ ಎಂದರೆ ಉದ್ಯಮ. ಹೀಗೆ ಚೆಂಡು ಕಂಪನಿಗಳ ಅಂಗಳಕ್ಕೆ ಬಂದಿದೆ.

ಚಾರ್ಜರ್‌ಗೆ ಮಾತು ಕಲಿಸಿದ್ದು

ಹೊತ್ತು ನೋಡಿ ಚಾರ್ಜ್ ಮಾಡಬೇಕಾದರೆ ಚಾರ್ಜರ್‌ಗೆ ಮಾತು ತಿಳಿಯಬೇಕು. ಮೊದಲ ಪೀಳಿಗೆಯ ಚಾರ್ಜರ್‌ಗಳು ಮೂಕ ಸಾಕೆಟ್‌ಗಳು. ಪ್ಲಗ್ ಹಾಕಿದ ಕ್ಷಣದಿಂದ ಬ್ಯಾಟರಿ ತುಂಬುವವರೆಗೆ ಪೂರ್ತಿ ಕರೆಂಟ್ ಸುರಿಯುವುದಷ್ಟೇ ಅವುಗಳ ಕೆಲಸ. ನೆದರ್ಲೆಂಡ್ಸಿನ ಎಲಾಡ್ ಸಂಸ್ಥೆಯಲ್ಲಿ 2009ರ ಸುಮಾರಿಗೆ ಶುರುವಾದ ಓಸಿಪಿಪಿ ಎಂಬ ಮುಕ್ತ ಸಂವಹನ ನಿಯಮ, ಯಾವುದೇ ಕಂಪನಿಯ ಚಾರ್ಜರ್ ಯಾವುದೇ ಕಂಪನಿಯ ಸಾಫ್ಟ್‌ವೇರ್ ಜೊತೆ ಮಾತಾಡುವಂತೆ ಮಾಡಿತು. 2015ರ 1.6 ಆವೃತ್ತಿಯಲ್ಲಿ ‘ಈಗ ಇಷ್ಟೇ ಆಂಪ್ ಕೊಡು’ ಎಂದು ಹೇಳುವ ಸೌಲಭ್ಯ ಬಂದಿತು. ವಾಹನ ಮತ್ತು ಚಾರ್ಜರ್ ನಡುವಿನ ಮಾತಿಗೆ ಐಎಸ್ಒ 15118 ಮಾನಕ ಬಂದಿತು. ಭಾರತದಲ್ಲಿ 2017ರ ಭಾರತ್ ಎಸಿ-001, ಡಿಸಿ-001 ಮಾನಕಗಳ ನಂತರ ಐಎಸ್ 17017 ಸರಣಿ ಬಂದು, ಕಾರುಗಳ ಮಟ್ಟಿಗೆ ಸಿಸಿಎಸ್-2 ಪ್ಲಗ್ ನೆಲೆಗೊಂಡಿತು.

ಇದರ ಪ್ರಯೋಜನ ಎಷ್ಟೆಂದು ತೋರಿಸಿದ ಒಳ್ಳೆಯ ಪ್ರಯೋಗ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯದು. ಸ್ಟೀವನ್ ಲೋ ಅವರ ತಂಡ 2016ರಲ್ಲಿ ಅಲ್ಲಿನ ಒಂದು ಪಾರ್ಕಿಂಗ್ ಕಟ್ಟಡದಲ್ಲಿ 50ಕ್ಕೂ ಹೆಚ್ಚು ಚಾರ್ಜರ್‌ಗಳನ್ನು 150 ಕೆವಿಎ ಟ್ರಾನ್ಸ್‌ಫಾರ್ಮರ್ ಒಂದರಡಿ ನಡೆಸತೊಡಗಿತು. ಎಲ್ಲವೂ ಒಟ್ಟಿಗೆ ಪೂರ್ತಿ ಓಡಿದರೆ ಆ ಟ್ರಾನ್ಸ್‌ಫಾರ್ಮರ್ ತಡೆಯಲಾರದು. ಆದರೆ ಪ್ರತಿ ಚಾಲಕ ‘ಎಷ್ಟು ಯೂನಿಟ್ ಬೇಕು, ಎಷ್ಟು ಗಂಟೆಗೆ ಹೊರಡುತ್ತೇನೆ’ ಎಂದು ತಿಳಿಸಿದರೆ, ಅವಸರ ಇದ್ದವರಿಗೆ ಮೊದಲು, ಇಲ್ಲದವರಿಗೆ ನಂತರ ಎಂದು ಸಾಫ್ಟ್‌ವೇರ್ ಹಂಚುತ್ತದೆ. ಅವರು ಬಹಿರಂಗಪಡಿಸಿದ ದತ್ತಾಂಶ ಹೇಳುವುದಿಷ್ಟು: ಕಾರುಗಳು ತುಂಬಲು ಬೇಕಾದ ಹೊತ್ತಿಗಿಂತ ಬಹಳ ಹೆಚ್ಚು ಹೊತ್ತು ಸುಮ್ಮನೆ ನಿಂತಿರುತ್ತವೆ. ಆ ಸುಮ್ಮನೆ ನಿಂತ ಹೊತ್ತೇ ಯೋಜಕನ ಬಂಡವಾಳ.

ಇದಕ್ಕೂ ಮುಂಚೆ, 1997ರಲ್ಲೇ, ಡೆಲವೇರ್ ವಿಶ್ವವಿದ್ಯಾಲಯದ ವಿಲೆಟ್ ಕೆಂಪ್ಟನ್ ಮತ್ತು ಸ್ಟೀವನ್ ಲೆಟೆಂಡ್ರೆ ನಿಂತ ವಾಹನ ಗ್ರಿಡ್ಡಿಗೆ ವಿದ್ಯುತ್ ಹಿಂದಿರುಗಿಸಬಹುದು ಎಂಬ ವಿಚಾರ ಮಂಡಿಸಿದ್ದರು. ಅದು ಇನ್ನೂ ಹೆಚ್ಚಾಗಿ ಪ್ರಯೋಗಗಳ ಮಟ್ಟದಲ್ಲಿದೆ. ವಾಹನದಿಂದ ನಿವೃತ್ತವಾದ ಬ್ಯಾಟರಿ ಮಾತ್ರ ಕೆಲಸಕ್ಕೆ ಬಂದಿದೆ. ಆಮ್‌ಸ್ಟರ್‌ಡ್ಯಾಂನ ಯೋಹಾನ್ ಕ್ರೈಫ್ ಕ್ರೀಡಾಂಗಣ 2018ರಲ್ಲಿ 148 ನಿಸಾನ್ ಲೀಫ್ ಕಾರುಗಳಿಗೆ ಸಮನಾದ ಹಳೆಯ ಮತ್ತು ಹೊಸ ಬ್ಯಾಟರಿಗಳಿಂದ 3 ಮೆಗಾವಾಟ್ ಶೇಖರಣೆ ಕಟ್ಟಿ, ತನ್ನ ಚಾವಣಿಯ ಸೌರ ಫಲಕಗಳ ವಿದ್ಯುತ್ತನ್ನು ಅದರಲ್ಲಿ ಹಿಡಿದಿಟ್ಟುಕೊಳ್ಳುತ್ತಿದೆ.

ನಾಲ್ಕು ಬಗೆಯ ಉದ್ಯಮ, ನಾಲ್ಕು ಲೆಕ್ಕ

ಈ ಎಲ್ಲ ಬೆಳವಣಿಗೆಗಳನ್ನು ನಮ್ಮ ನೆಲದ ಲೆಕ್ಕಕ್ಕೆ ಇಳಿಸಿ ನೋಡೋಣ. ಬೆಂಗಳೂರಿನ ಬಿಸಿಲಿನಲ್ಲಿ 1 ಕಿಲೋವಾಟ್ ಸೌರ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ವಿದ್ಯುತ್ ಕಾರಿಗೆ ಕಿಲೋಮೀಟರ್‌ಗೆ ಸುಮಾರು 0.15 ಯೂನಿಟ್ ಬೇಕು.

ಮೊದಲನೆಯದು ಕಚೇರಿ. ಹೋಗಿ ಬರಲು 40 ಕಿಲೋಮೀಟರ್ ಓಡುವ ಉದ್ಯೋಗಿಯ ಕಾರಿಗೆ ದಿನಕ್ಕೆ 6 ಯೂನಿಟ್. ಒಂದು ಕಾರು ನಿಲ್ಲುವ ಜಾಗದ ಮೇಲೆ ಸೂರು ಹಾಕಿ ಫಲಕ ಕೂರಿಸಿದರೆ ಸುಮಾರು 2 ಕಿಲೋವಾಟ್, ಅಂದರೆ ದಿನಕ್ಕೆ 8 ಯೂನಿಟ್. ಕಾರಿನ ನೆತ್ತಿಯ ಮೇಲಿನ ಬಿಸಿಲೇ ಆ ಕಾರಿಗೆ ಸಾಕು. ಇಂಥ 40 ಕಾರುಗಳಿಗೆ ತಲಾ 7.4 ಕಿಲೋವಾಟ್ ಚಾರ್ಜರ್ ಹಾಕಿ, ಎಲ್ಲರೂ ಬೆಳಿಗ್ಗೆ ಒಂಬತ್ತೂವರೆಗೆ ಪ್ಲಗ್ ಮಾಡಿದರೆ ಬೇಡಿಕೆ 296 ಕಿಲೋವಾಟ್‌ಗೆ ಜಿಗಿಯುತ್ತದೆ, ಒಂದು ಗಂಟೆಯೊಳಗೆ ಸೊನ್ನೆಗೆ ಬೀಳುತ್ತದೆ. ಅವುಗಳಿಗೆ ಒಟ್ಟು ಬೇಕಾದದ್ದು 240 ಯೂನಿಟ್ ಮಾತ್ರ. ಎಂಟು ಗಂಟೆಗೆ ಹರಡಿದರೆ 30 ಕಿಲೋವಾಟ್ ಸಾಕು. ಹತ್ತರಲ್ಲೊಂದು ಭಾಗ! ಎಚ್‌ಟಿ ಗ್ರಾಹಕ ಒಪ್ಪಂದದ ಬೇಡಿಕೆ ಮೀರಿದರೆ ಮೀರಿದ ಪ್ರಮಾಣಕ್ಕೆ ಡಿಮಾಂಡ್ ಚಾರ್ಜ್ (ಗರಿಷ್ಠ ಬೇಡಿಕೆಯ ಮೇಲಿನ ಶುಲ್ಕ) ಎರಡರಷ್ಟು ತೆರಬೇಕು. ಸಾಫ್ಟ್‌ವೇರ್‌ನ ಬೆಲೆ ಆ ದಂಡದ ಮುಂದೆ ಚಿಕ್ಕದು.

ಎರಡನೆಯದು ಕಂಪನಿ ಕ್ಯಾಬ್. ಬೆಳಿಗ್ಗೆ ಉದ್ಯೋಗಿಗಳನ್ನು ಇಳಿಸಿದ ಮೇಲೆ ಸಂಜೆಯ ಟ್ರಿಪ್‌ವರೆಗೆ ಅವುಗಳಿಗೆ ಹೆಚ್ಚು ಕೆಲಸವಿಲ್ಲ. ಆ ನಾಲ್ಕೈದು ಗಂಟೆ ಬಿಸಿಲಿನ ಉಚ್ಛ್ರಾಯದ ಹೊತ್ತು. ಹಗಲು ಚಾರ್ಜಿಂಗ್‌ಗೆ ಹೇಳಿಮಾಡಿಸಿದ ವ್ಯವಹಾರ ಇದು. ಆದರೆ ಕ್ಯಾಬ್‌ಗಳು ಆ ಹೊತ್ತಿನಲ್ಲಿ ಟೆಕ್ ಪಾರ್ಕಿನ ಒಳಗೆ ನಿಲ್ಲಲು ಜಾಗ ಸಿಗಬೇಕು. ಗೇಟಿನ ಹೊರಗೆ ರಸ್ತೆ ಬದಿಯಲ್ಲಿ ನಿಂತ ಕ್ಯಾಬ್‌ಗೆ ಒಳಗಿನ ಸೂರಿನ ಸೌರಶಕ್ತಿಯಿಂದ ಪ್ರಯೋಜನವಿಲ್ಲ.

ಮೂರನೆಯದು ಸರಕು ವಿತರಣೆ. ಇ-ಕಾಮರ್ಸ್ ಕಂಪನಿಗಳ ಮೂರು ಚಕ್ರದ ಗಾಡಿ ದಿನಕ್ಕೆ 100 ಕಿಲೋಮೀಟರ್ ಓಡಿದರೆ 8 ಯೂನಿಟ್ ಆಸುಪಾಸು ಬೇಕು. ಇಂಥ 100 ಗಾಡಿ ರಾತ್ರಿ 8ಕ್ಕೆ ಗೋದಾಮಿಗೆ ಮರಳಿ 3.3 ಕಿಲೋವಾಟ್ ಚಾರ್ಜರ್‌ಗೆ ಒಟ್ಟಿಗೆ ಸಿಕ್ಕಿಸಿಕೊಂಡರೆ 330 ಕಿಲೋವಾಟ್, ಅದೂ ಪೀಕ್ ದರದಲ್ಲಿ. ರಾತ್ರಿ 10ರ ನಂತರ ಎಂಟು ಗಂಟೆಗೆ ಹಂಚಿದರೆ 100 ಕಿಲೋವಾಟ್. ಬಿಸಿಲಿದ್ದಾಗ ಗಾಡಿ ಬೀದಿಯಲ್ಲಿರುವುದೇ ಇಲ್ಲಿನ ತೊಡಕು. ಇದಕ್ಕೆ ಎರಡು ಪರಿಹಾರ. ಒಂದು, ಮಧ್ಯಾಹ್ನ ಎರಡನೇ ಸುತ್ತಿನ ಸರಕು ತುಂಬುವಾಗ ಮುಕ್ಕಾಲು ಗಂಟೆ ಚಾರ್ಜ್ ಮಾಡುವುದು. ಇನ್ನೊಂದು, ಬ್ಯಾಟರಿ ಬದಲಾವಣೆ. ರೇವಾದ ಅದೇ ಚೇತನ್ ಮೈನಿ 2017ರಲ್ಲಿ ಉದಯ್ ಖೇಮ್ಕಾ ಜೊತೆ ಕಟ್ಟಿದ ಸನ್ ಮೊಬಿಲಿಟಿ ಈ ಹಾದಿಯಲ್ಲಿದೆ. ಗಾಡಿ ಬೀದಿಯಲ್ಲಿ ದುಡಿಯುತ್ತಿರುವಾಗ ಅದರ ನಾಳಿನ ಬ್ಯಾಟರಿ ಹಗಲಲ್ಲೇ ತುಂಬಬಹುದು. ಹಾರ್ಟ್‌ಫರ್ಡ್‌ನ ಉಪಾಯ ಈಗ ಬಿಸಿಲಿಗೆ ಒದಗುತ್ತಿದೆ.

ನಾಲ್ಕನೆಯದು ಬಸ್ಸು. 12 ಮೀಟರ್ ಬಸ್ಸು ದಿನಕ್ಕೆ 200 ಕಿಲೋಮೀಟರ್ ಓಡಿದರೆ ಸುಮಾರು 250 ಯೂನಿಟ್. 100 ಬಸ್ಸಿನ ಡಿಪೊಗೆ 25,000 ಯೂನಿಟ್. ಅಷ್ಟು ಉತ್ಪಾದಿಸಲು 6 ಮೆಗಾವಾಟ್‌ಗೂ ಹೆಚ್ಚು ಸೌರ ಫಲಕ ಬೇಕು. ಪಾವಗಡದ ಲೆಕ್ಕದಲ್ಲಿ ಅದಕ್ಕೆ ಸುಮಾರು 40 ಎಕರೆ ಜಾಗ. ನಗರದ ಯಾವ ಡಿಪೊದ ಚಾವಣಿಯೂ ಅದಕ್ಕೆ ಸಾಲದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವಂತಿಲ್ಲ, ಹಾಸಿಗೆಯನ್ನೇ ಬೇರೆ ಕಡೆ ಹಾಸಬೇಕು. ಅಲ್ಲಿ ದೂರದ ಸೌರ, ಪವನ ಘಟಕದ ವಿದ್ಯುತ್ ತರಿಸಿಕೊಳ್ಳುವುದೇ ದಾರಿ. ಜನಸಂದಣಿ ಕಡಿಮೆಯಿರುವ ಮಧ್ಯಾಹ್ನದ ಹೊತ್ತಿನಲ್ಲಿ ಒಂದಷ್ಟು ಬಸ್ಸುಗಳನ್ನು ಡಿಪೊಗೆ ಕರೆಸಿ ಅರ್ಧ ಚಾರ್ಜ್ ಮಾಡಿದರೆ ರಾತ್ರಿಯ ಹೊರೆಯೂ ತಗ್ಗುತ್ತದೆ.

ದೂರದ ಬಿಸಿಲನ್ನು ತರಿಸಿಕೊಳ್ಳುವುದು

ದೂರದ ಘಟಕದಿಂದ ವಿದ್ಯುತ್ ತರಿಸಿಕೊಳ್ಳುವ ವ್ಯವಸ್ಥೆಯೇ ಓಪನ್ ಆಕ್ಸೆಸ್. ಬಹುಕಾಲ ಇದು 1 ಮೆಗಾವಾಟ್ ಮೀರಿದ ದೊಡ್ಡ ಗ್ರಾಹಕರಿಗೆ ಮಾತ್ರ ತೆರೆದಿತ್ತು. 2022ರ ಹಸಿರು ಇಂಧನ ಓಪನ್ ಆಕ್ಸೆಸ್ ನಿಯಮಗಳು ಆ ಮಿತಿಯನ್ನು 100 ಕಿಲೋವಾಟ್‌ಗೆ ಇಳಿಸಿದವು. ಮಧ್ಯಮ ಗಾತ್ರದ ಗೋದಾಮು, ಆಸ್ಪತ್ರೆ, ಕಾಲೇಜುಗಳಿಗೂ ಬಾಗಿಲು ತೆರೆದದ್ದು ಆಗ. ಇನ್ನೊಂದು ದಾರಿ ಗ್ರೂಪ್ ಕ್ಯಾಪ್ಟಿವ್. ಗ್ರಾಹಕರೆಲ್ಲ ಸೇರಿ ಘಟಕದ ಬಂಡವಾಳದಲ್ಲಿ ಕನಿಷ್ಠ ಶೇ 26 ಪಾಲು ಹೊಂದಿ, ಅದರ ಉತ್ಪಾದನೆಯಲ್ಲಿ ಕನಿಷ್ಠ ಶೇ 51 ಬಳಸಿದರೆ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಇತರ ಗ್ರಾಹಕರ ರಿಯಾಯಿತಿಗಾಗಿ ದೊಡ್ಡ ಗ್ರಾಹಕರಿಂದ ಪಡೆಯುವ ಹೆಚ್ಚುವರಿ ಶುಲ್ಕ) ಬೀಳುವುದಿಲ್ಲ.

ಕರ್ನಾಟಕದ ಅನುಭವ ಇಲ್ಲಿ ವಿಶೇಷ. 2014ರ ಆದೇಶದಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ), 2018ರ ಮಾರ್ಚ್ ಅಂತ್ಯದೊಳಗೆ ಶುರುವಾಗುವ ಸೌರ ಘಟಕಗಳಿಗೆ ಹತ್ತು ವರ್ಷ ವ್ಹೀಲಿಂಗ್ (ವಿದ್ಯುತ್ ಸಾಗಣೆ), ಬ್ಯಾಂಕಿಂಗ್ ಶುಲ್ಕ ಮತ್ತು ಕ್ರಾಸ್ ಸಬ್ಸಿಡಿಯಿಂದ ವಿನಾಯಿತಿ ನೀಡಿತು. ಗಡುವು ಹತ್ತಿರವಾದಂತೆ ಘಟಕಗಳು ಸಾಲುಗಟ್ಟಿದವು. ಆ ಕೊನೆಯ ತಂಡದ ವಿನಾಯಿತಿ 2028ರ ಹೊತ್ತಿಗೆ ಮುಗಿಯುತ್ತದೆ. ಅಂದಿನ ಅಗ್ಗದ ದರವನ್ನೇ ನೆಚ್ಚಿ ಇಂದು ಹತ್ತು ವರ್ಷದ ಚಾರ್ಜಿಂಗ್ ಯೋಜನೆ ಹಾಕುವುದು ಜಾಣತನವಲ್ಲ.

ಬ್ಯಾಂಕಿಂಗ್ ನಿಯಮವೂ ಬಿಗಿಯಾಗುತ್ತಿದೆ. ಉತ್ಪಾದಿಸಿದ ವಿದ್ಯುತ್ತನ್ನು ಗ್ರಿಡ್ಡಿನಲ್ಲಿ ‘ಇಟ್ಟು’ ತಿಂಗಳುಗಟ್ಟಲೆ ಕಳೆದು ಬಳಸುವ ಸೌಕರ್ಯ ಹಿಂದೆ ಇತ್ತು. 2022ರ ಕೇಂದ್ರ ನಿಯಮಗಳು ಅದನ್ನು ತಿಂಗಳ ಲೆಕ್ಕಕ್ಕೆ ತಂದವು. ಮೇ ತಿಂಗಳ ಬಿಸಿಲನ್ನು ಜುಲೈ ಮಳೆಗಾಲಕ್ಕೆ ಉಳಿಸಿಟ್ಟುಕೊಳ್ಳಲಾಗದು. ಇಲ್ಲಿ ನಮ್ಮ ರಾಜ್ಯದ ಹವಾಮಾನ ಕೈಹಿಡಿಯುತ್ತದೆ. ಮುಂಗಾರಿನಲ್ಲಿ ಮೋಡ ಕವಿದು ಸೌರ ಉತ್ಪಾದನೆ ಕುಗ್ಗುವಾಗ ಚಿತ್ರದುರ್ಗ, ಗದಗ, ಕೊಪ್ಪಳ, ವಿಜಯಪುರದ ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ. ರಾತ್ರಿಯೂ ನಿಲ್ಲುವುದಿಲ್ಲ. ಆದ್ದರಿಂದ ರಾತ್ರಿ ಚಾರ್ಜ್ ಮಾಡಲೇಬೇಕಾದ ಬಸ್ ಡಿಪೊ, ಸರಕು ಗೋದಾಮುಗಳು ಸೌರ ಒಂದನ್ನೇ ಕೊಳ್ಳುವ ಬದಲು ಸೌರ-ಪವನ ಮಿಶ್ರಣವನ್ನು ಕೊಂಡರೆ ಲೆಕ್ಕ ಹೆಚ್ಚು ಸರಿಹೊಂದುತ್ತದೆ.

ಇಂಥ ಮಿಶ್ರಣ ಕಂಡುಕೊಳ್ಳಲು ಈಗ ಕಾಗದ ಪೆನ್ಸಿಲ್ ಸಾಲದು. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದಲ್ಲಿ ತೊಂಬತ್ತರ ದಶಕದಲ್ಲಿ ಹುಟ್ಟಿದ ಹೋಮರ್, ನಂತರ ಅಲ್ಲೇ ಬೆಳೆದ ರಿಆಪ್ಟ್ ಮೊದಲಾದ ಸಾಧನಗಳು ವರ್ಷದ 8,760 ಗಂಟೆಗಳನ್ನೂ ಒಂದೊಂದಾಗಿ ಲೆಕ್ಕಕ್ಕೆ ಹಿಡಿಯುತ್ತವೆ. ಆ ಗಂಟೆ ಬಿಸಿಲೆಷ್ಟು, ಕಟ್ಟಡದ ಬೇಡಿಕೆಯೆಷ್ಟು, ದರವೆಷ್ಟು, ವಾಹನಗಳಿಗೆ ಬೇಕಾದದ್ದೆಷ್ಟು ಎಂದು ಕೊಟ್ಟರೆ ಫಲಕ, ಬ್ಯಾಟರಿ, ಗ್ರಿಡ್ ಸಂಪರ್ಕದ ಸೂಕ್ತ ಗಾತ್ರ ಹೇಳುತ್ತವೆ. ಆದರೆ ಕೊಟ್ಟ ಮಾಹಿತಿಯಷ್ಟೇ ಉತ್ತರವೂ ಗಟ್ಟಿ. ವಾಹನ ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಹೋಗುತ್ತದೆ ಎಂಬ ದಾಖಲೆ ಇಡದ ಕಂಪನಿಗೆ ಯಾವ ಸಾಫ್ಟ್‌ವೇರೂ ನೆರವಾಗದು.

ವರ್ಷದ ಹಸಿರು, ಗಂಟೆಯ ಹಸಿರು

ಈ ಕ್ಷೇತ್ರದ ಇತ್ತೀಚಿನ ಚರ್ಚೆ ಲೆಕ್ಕಪತ್ರದ್ದು. ಇನ್ಫೊಸಿಸ್ 2015ರಲ್ಲಿ, ಪೂರ್ತಿ ನವೀಕರಿಸಬಹುದಾದ ವಿದ್ಯುತ್ತನ್ನೇ ಬಳಸುವ ಪಣ ತೊಟ್ಟ ಕಂಪನಿಗಳ ಆರ್‌ಇ-100 ಕೂಟ ಸೇರಿದ ಮೊದಲ ಭಾರತೀಯ ಕಂಪನಿ. ವಾಹನಗಳಿಗಾಗಿ ಇವಿ-100 ಕೂಟ 2017ರಲ್ಲಿ ಹುಟ್ಟಿತು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಅದನ್ನು ಸೇರಿ 2030ರ ಹೊತ್ತಿಗೆ ವಿತರಣಾ ವಾಹನಗಳನ್ನು ವಿದ್ಯುತ್ತಿಗೆ ಬದಲಿಸುವ ಗುರಿ ಇಟ್ಟುಕೊಂಡಿತು. ಇಂಥ ಗುರಿಗಳಲ್ಲಿ ಸಾಮಾನ್ಯವಾಗಿ ವರ್ಷದ ಒಟ್ಟು ಬಳಕೆಗೆ ಸಮನಾಗಿ ವರ್ಷದಲ್ಲಿ ಹಸಿರು ವಿದ್ಯುತ್ ಕೊಂಡರೆ ಸಾಕು. ಮಧ್ಯಾಹ್ನ ಪಾವಗಡದಲ್ಲಿ ಉತ್ಪಾದನೆ, ರಾತ್ರಿ 9ಕ್ಕೆ ವೈಟ್‌ಫೀಲ್ಡ್‌ನಲ್ಲಿ ಚಾರ್ಜಿಂಗ್ ಆದರೂ ಪುಸ್ತಕದಲ್ಲಿ ಅದು ಹಸಿರೇ. ವಾಸ್ತವದಲ್ಲಿ ಆ ಹೊತ್ತು ಹೆಚ್ಚಿನ ಪಾಲು ಕಲ್ಲಿದ್ದಲಿನದು. ಭಾರತದ ಗ್ರಿಡ್ಡಿನ ಒಂದು ಯೂನಿಟ್‌ಗೆ ಸರಾಸರಿ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆ ಸರಾಸರಿಯಲ್ಲಿ ಚಾರ್ಜ್ ಆದ ಕಾರು ಕಿಲೋಮೀಟರ್‌ಗೆ 100 ಗ್ರಾಂ ದಾಟುತ್ತದೆ. ಅದೇ ಕಾರು ನಡುಹಗಲ ಬಿಸಿಲಿನಲ್ಲಿ ತುಂಬಿಕೊಂಡರೆ ಸೊನ್ನೆಯ ಹತ್ತಿರ. 2020ರಲ್ಲಿ ಗೂಗಲ್ ಪ್ರತಿ ಗಂಟೆಯ ಬಳಕೆಗೂ ಅದೇ ಗಂಟೆಯ ಇಂಗಾಲಮುಕ್ತ ವಿದ್ಯುತ್ ಹೊಂದಿಸುವ ಗುರಿ ಪ್ರಕಟಿಸಿದ ಮೇಲೆ ಈ ವ್ಯತ್ಯಾಸ ದೊಡ್ಡ ಚರ್ಚೆಯಾಯಿತು. ಸಾವಿರಾರು ವಾಹನಗಳ ಕಂಪನಿಗಳಿಗೆ ಮುಂದೆ ಈ ಅಳತೆಗೋಲು ತಪ್ಪಿದ್ದಲ್ಲ.

ಉಳಿದಿರುವ ತೊಡಕು

ತಂತ್ರಜ್ಞಾನ ಬಹುಪಾಲು ಸಿದ್ಧ. ತೊಡಕು ಸಂಬಂಧಗಳಲ್ಲಿದೆ. ಬೆಂಗಳೂರಿನ ಹೆಚ್ಚಿನ ಕಂಪನಿಗಳು ಬಾಡಿಗೆ ಕಟ್ಟಡದಲ್ಲಿವೆ. ಚಾವಣಿ ಮಾಲೀಕನದು, ವಿದ್ಯುತ್ ಬಿಲ್ಲು ಬಾಡಿಗೆದಾರನದು, ಕ್ಯಾಬ್ ಮೂರನೆಯವನದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸೌರ ಸೂರಿಗೆ ಹೂಡುವವನಿಗೆ ಅದರ ಉಳಿತಾಯ ಸಿಗದಿದ್ದರೆ ಅದು ಏಳುವುದಿಲ್ಲ. ಎರಡನೆಯದಾಗಿ, ದೊಡ್ಡ ಗ್ರಾಹಕರು ಓಪನ್ ಆಕ್ಸೆಸ್‌ಗೆ ಹೊರಟರೆ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳ ಕ್ರಾಸ್ ಸಬ್ಸಿಡಿ ಕರಗುತ್ತದೆ. ರೈತರ ಪಂಪ್‌ಸೆಟ್ಟಿನ ಹೊರೆ ಯಾರು ಹೊರಬೇಕೆಂಬ ಪ್ರಶ್ನೆ ಎಲ್ಲ ದರನೀತಿಯ ಹಿಂದೆಯೂ ಇದೆ. ಮೂರನೆಯದಾಗಿ, ಬಾಡಿಗೆ ಶೆಡ್ಡಿನಲ್ಲಿ ಹತ್ತು ಗಾಡಿ ಇಟ್ಟುಕೊಂಡ ಸಣ್ಣ ವ್ಯಾಪಾರಿಗೆ 100 ಕಿಲೋವಾಟ್ ಮಿತಿಯೂ ಎತ್ತರವೇ. ಆತನ ಮಟ್ಟಿಗೆ ಹಗಲಿನ ರಿಯಾಯಿತಿ ದರವೊಂದೇ ಎಟುಕುವ ನವೀಕರಿಸಬಹುದಾದ ಇಂಧನ. ಅದು ಅವನ ಬಿಲ್ಲಿಗೆ ನೇರವಾಗಿ ತಲುಪುವಂತೆ ನೋಡಿಕೊಳ್ಳುವುದು ಆಯೋಗದ ಕೆಲಸ.

ಒಂದೂಕಾಲು ಶತಮಾನದ ಈ ಪಯಣವನ್ನು ಒಟ್ಟಿಗೆ ನೋಡಿದರೆ ತೀರ್ಮಾನ ಸರಳ. ಚಾರ್ಜರ್‌ಗಳ ಸಂಖ್ಯೆ ಯೋಜನೆಯ ಕೊನೆಯ ಸಾಲು, ಮೊದಲ ಸಾಲಲ್ಲ. ವಾಹನ ವಿದ್ಯುತ್ತಿಗೆ ಬದಲಿಸಲು ಹೊರಟ ಯಾವುದೇ ಸಂಸ್ಥೆ ಚಾರ್ಜರ್ ಮಾರುವವರನ್ನು ಕರೆಯುವ ಮುನ್ನ ಮೂರು ಕಾಗದಗಳನ್ನು ಮೇಜಿನ ಮೇಲಿಡಲಿ: ಪ್ರತಿ ವಾಹನ ಎಲ್ಲಿ, ಎಷ್ಟರಿಂದ ಎಷ್ಟು ಗಂಟೆವರೆಗೆ ನಿಲ್ಲುತ್ತದೆ ಎಂಬ ಒಂದು ತಿಂಗಳ ದಾಖಲೆ, ಮೀಟರ್‌ನಿಂದ ಪಡೆದ ಒಂದು ವರ್ಷದ ಹೊತ್ತುವಾರು ಬೇಡಿಕೆ, ಮತ್ತು ಜಾರಿಯಲ್ಲಿರುವ ಹೊತ್ತುವಾರು ದರಪಟ್ಟಿ. ಮಧ್ಯಾಹ್ನ ನಿಲ್ಲುವ ವಾಹನಗಳಿಗೆ ಮೊದಲು ಯೋಜನೆ ಹಾಕಿ, ರಾತ್ರಿಯವುಗಳಿಗೆ ಗಾಳಿ ವಿದ್ಯುತ್ತಿನ ಒಪ್ಪಂದ ಮಾಡಿಕೊಂಡು, ಉಳಿದದ್ದಕ್ಕೆ ಮಾತ್ರ ಬ್ಯಾಟರಿ ಮತ್ತು ದೊಡ್ಡ ಟ್ರಾನ್ಸ್‌ಫಾರ್ಮರ್ ಬಗ್ಗೆ ಯೋಚಿಸಲಿ. ಈ ಕ್ರಮ ಬಿಟ್ಟು ಮೊದಲು ಚಾರ್ಜರ್ ಕೊಂಡವರು, ವಾಹನದಲ್ಲಿ ಉಳಿಸಿದ ಹಣವನ್ನು ಡಿಮಾಂಡ್ ಚಾರ್ಜ್‌ನಲ್ಲಿ ಕಳೆದುಕೊಳ್ಳುತ್ತಾರೆ.